ಹೆಬ್ಬೆಟ್ಟಿನ ಸಮ್ಮತಿ

ರೋಗಿಯನ್ನು ಗುಣಪಡಿಸುವದು ವೈದ್ಯನ ಒಂದು ಧರ್ಮ. ರೋಗಿಯಿಂದ ಕಲಿಯುವದು ಇನ್ನೊಂದು. ಮೊದಲನೆಯದರಲ್ಲಿ ಅವನು ಕೊಡುವವನು, ಎರಡನೆಯದರಲ್ಲಿ ಬೇಡುವವನು. ಆದರೆ ಎರಡೂ ಒಂದೇ ಮಂಚದ ಬಳಿಯಲ್ಲಿ, ಒಂದೇ ಕೈಯಿಂದ ನಡೆಯುವದರಿಂದ, ಬೇಡುವವನು ಕೊಡುವವನ ವೇಷದಲ್ಲಿ ಕಾಣಿಸಿಕೊಳ್ಳುವದು ಬಹು ಸುಲಭ. ಸ್ತ್ರೀಯರ ಗರ್ಭಕೋಶದ ಬೇನೆಗಳ ವಿಷಯದಲ್ಲಂತೂ ಈ ತೊಡಕು ಎಲ್ಲಕ್ಕಿಂತ ಹೆಚ್ಚು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಯಾವ ಮನೆತನಕ್ಕೆ ಇದು ಹೊಸ ಸಂಗತಿ? ಮೇಲಿಂದ ಮೇಲೆ ಹಡೆದು, ಬಾಣಂತನ ಮುಗಿಯುವ ಮೊದಲೇ ತುಂಬಿದ ಕೊಡ ಹೊತ್ತು, ಎರೆಹೊಲದಲ್ಲಿ ಹತ್ತಿ ಬಿಡಿಸಲು ಹೋದವಳಿಗೆ ಶ್ರೋಣಿಯ ತಳದ ಸ್ನಾಯುಗಳು ಸಡಿಲಾಗಿ ಗರ್ಭಚೀಲವು ಕೆಳಗೆ ಜಾರುತ್ತದೆ. ಕೆಮ್ಮಿದರೆ ಮೂತ್ರವು ನಿಲ್ಲದು. ಅವಳು ಲಗ್ನಮುಂಜಿವೆಗಳಿಗೆ ಹೋಗುವದನ್ನು ಬಿಡುತ್ತಾಳೆ; ಕಾರಣ ಕೇಳಿದರೆ ಟೊಂಕನೋವೆನ್ನುತ್ತಾಳೆ. ಹೀಗೆ ಹತ್ತಿಪ್ಪತ್ತು ವರುಷಗಳು ಕಳೆಯುತ್ತವೆ. 1989ರಲ್ಲಿ ರಾಣಿ ಬಂಗ ಮತ್ತು ಅಭಯ ಬಂಗ ದಂಪತಿಗಳು ಗಡಚಿರೋಲಿಯ ಎರಡು ಹಳ್ಳಿಗಳ 650 ಸ್ತ್ರೀಯರನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 92 ಜನರಿಗೆ ಏನಾದರೊಂದು ಸ್ತ್ರೀರೋಗವಿತ್ತು. ಹಿಂದೆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಎಂಟು ಜನ ಮಾತ್ರ. ಆದ್ದರಿಂದ ಹೆಂಗಸರ ಮೇಲೆ ಶೋಧನೆಯೇ ಬೇಡವೆಂಬವರ ಮಾತು ನನಗೆ ಒಪ್ಪಿಗೆಯಿಲ್ಲ. ಯಾರೂ ಎಣಿಸದ ಬೇನೆಗೆ ಯಾರೂ ಔಷಧಿ ಹುಡುಕುವದಿಲ್ಲ.

ಆದರೆ ಈ ವಿದ್ಯೆಯ ಬೇರಿನಲ್ಲಿಯೇ ಅನ್ಯಾಯವುಂಟು. ಹೆರಿಗೆಯಲ್ಲಿ ಮೂತ್ರಕೋಶಕ್ಕೆ ಬೀಳುವ ತೂತನ್ನು ಹೊಲಿಯುವ ಕ್ರಮವನ್ನು ಅಮೇರಿಕದ ಮೆರಿಯನ್ ಸಿಮ್ಸ್ ಎಂಬ ವೈದ್ಯನು 1845ರಿಂದ 1849ರ ವರೆಗೆ ಸಾಧಿಸಿದ್ದು ಗುಲಾಮ ಸ್ತ್ರೀಯರ ದೇಹಗಳ ಮೇಲೆ, ಮಂಪರಿನ ಔಷಧಿಯಿಲ್ಲದೆ. ಅನಾರ್ಚಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರುಗಳಷ್ಟೇ ನಮಗೆ ಉಳಿದಿವೆ. ದೂರದ ಮಾತೇಕೆ? ದಿಲ್ಲಿಯಲ್ಲಿ 1976ರಿಂದ 1988ರ ವರೆಗೆ, ಗರ್ಭಕೋಶದ ಕೊರಳಿನಲ್ಲಿ ಅರ್ಬುದದ ಪೂರ್ವಚಿಹ್ನೆಗಳಿದ್ದ ಸಾವಿರಕ್ಕೂ ಮಿಕ್ಕಿದ ಸ್ತ್ರೀಯರನ್ನು, ಆ ಚಿಹ್ನೆಗಳು ಹೇಗೆ ಬಲಿಯುತ್ತವೆಂಬದನ್ನು ತಿಳಿಯುವ ಸಲುವಾಗಿ, ಚಿಕಿತ್ಸೆ ಕೊಡದೆ ನೋಡುತ್ತ ಕುಳಿತರು. ಕೆಲವರಲ್ಲಿ ಅದು ಬಲಿತೇ ಬಲಿಯಿತು. ಬರೆದ ಸಮ್ಮತಿಯಿರಲಿಲ್ಲ; 1997ರಲ್ಲಿ ಸಂಗತಿಯು ಬಯಲಾದಾಗ, ಬಾಯಿಮಾತಿನ ಸಮ್ಮತಿ ಪಡೆದಿದ್ದೆವೆಂಬ ಸಮಾಧಾನ ಬಂದಿತು.

ನಮ್ಮ ಬೀದರ-ಕಲಬುರ್ಗಿಗಳ ನೆರೆಯ ಉಸ್ಮಾನಾಬಾದ, ಅರ್ಥಾತ್ ಈಗಿನ ಧಾರಾಶಿವ ಜಿಲ್ಲೆಯ ಪ್ರಯೋಗವು ಇಷ್ಟು ಸರಳವಲ್ಲ. 1999ರಲ್ಲಿ ಆರಂಭವಾಗಿ 2009ರಲ್ಲಿ ಪ್ರಕಟವಾದ ಇದರಲ್ಲಿ 1,31,746 ಸ್ತ್ರೀಯರನ್ನು ನಾಲ್ಕು ಪಂಗಡ ಮಾಡಿ, ಮೂರಕ್ಕೆ ಮೂರು ವಿಧದ ತಪಾಸಣೆ ನಡೆಸಿದರು; ನಾಲ್ಕನೆಯದರ 31,488 ಜನರಿಗೆ ತಿಳಿವಳಿಕೆಯ ಮಾತು ಮಾತ್ರ ದೊರೆಯಿತು. ಎಚ್‌ಪಿವಿ ಎಂಬ ವಿಷಾಣುವನ್ನು ಒಂದೇ ಸಲ ಪರೀಕ್ಷಿಸಿದ ಪಂಗಡದಲ್ಲಿ ಈ ಅರ್ಬುದದಿಂದ ಸತ್ತವರು 34. ತಪಾಸಣೆಯಿಲ್ಲದ ಪಂಗಡದಲ್ಲಿ 64. ಜಗತ್ತಿಗೆಲ್ಲ ಉಪಯೋಗವಾದ ಫಲವಿದು, ಅಲ್ಲಗಳೆಯಲಾರೆ. ಆ ಜಿಲ್ಲೆಯಲ್ಲಿ ಮೊದಲೂ ತಪಾಸಣೆಯಿರಲಿಲ್ಲ, ಇಲ್ಲದ್ದನ್ನು ಯಾರೂ ಕಸಿದುಕೊಂಡಿಲ್ಲ ಎಂಬುದು ಪ್ರಯೋಗಕಾರರ ಪಕ್ಷದ ವಾದ. ನನಗೆ ಇದು ಸಾಲದು. ಬರಗಾಲದ ಊರಿಗೆ ಹಗೇವಿನ ಕೀಲಿ ಹಿಡಿದು ಬಂದವನು, ಒಂದು ಓಣಿಗೆ ಜೋಳ ಕೊಟ್ಟು, ಮತ್ತೊಂದು ಓಣಿಯಲ್ಲಿ ಸಾಯುವವರನ್ನು ಎಣಿಸಿದರೆ, ಹಿಂದಿನಿಂದಲೂ ಇಲ್ಲಿ ಬರವಿತ್ತೆಂದು ಹೇಳಿ ಪಾರಾಗಬಲ್ಲನೇ? ತಪಾಸಣೆಯಿಂದ ಈ ಸಾವು ತಪ್ಪುವದೆಂಬುದು ಪಶ್ಚಿಮ ದೇಶಗಳಿಗೆ ಅದಕ್ಕಿಂತ ದಶಕಗಳ ಮೊದಲೇ ತಿಳಿದಿತ್ತು.

ಇದಕ್ಕೆ ಪ್ರತಿಯಾಗಿ ನಮ್ಮ ಬೆಳಗಾವಿ ಜಿಲ್ಲೆಯದೇ ಉದಾಹರಣೆಯಿದೆ. ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಹಳ್ಳಿಗಳ 1,620 ಬಸುರಿಯರಲ್ಲಿ, ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಅರ್ಧ ಜನರಿಗೆ ಬರಿಯ ಹುಸಿಗುಳಿಗೆ. ಆದರೆ ಮನೆಯ ಹೆರಿಗೆಯಲ್ಲಿ ದಾದಿಯ ಕೈಯಿಂದ ಕೊಟ್ಟ ಈ ಗುಳಿಗೆಯು ನಾಟುವದೇ ಎಂಬುದು ಆಗ ನಿಜವಾಗಿಯೂ ತಿಳಿಯದ ಸಂಗತಿಯಾಗಿತ್ತು. ರಕ್ತಸ್ರಾವವು ನೂರಕ್ಕೆ 12ರಿಂದ ಆರರ ಸುಮಾರಿಗೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಗುಳಿಗೆಯನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಅಜ್ಞಾನವು ಎಲ್ಲರಿಗೂ ಸಮಾನವಾಗಿದ್ದಾಗ ಚೀಟಿ ಎತ್ತುವದು ನ್ಯಾಯ. ಒಬ್ಬನಿಗೆ ತಿಳಿದಿದ್ದು ಇನ್ನೊಬ್ಬಳಿಗೆ ತಿಳಿಯದಿದ್ದಾಗ ಅದೇ ಚೀಟಿಯು ಜೂಜಾಗುತ್ತದೆ.

ಇನ್ನು ಸಮ್ಮತಿಯ ಮಾತು. ಗಂಡನೆದುರಿಗೆ ಹೇಳದ ಬೇನೆಯನ್ನು ಅಪರಿಚಿತ ವೈದ್ಯನೆದುರು ತೆರೆದಿಟ್ಟವಳು, ಆ ಕ್ಷಣದಲ್ಲಿ ಮುಂದೆ ಹಿಡಿದ ಯಾವ ಕಾಗದಕ್ಕೂ ಬೆರಳೊತ್ತಿಯಾಳು. ಒಲ್ಲೆನೆಂದರೆ ಔಷಧಿಯೂ ತಪ್ಪೀತೆಂಬ ಅಂಜಿಕೆ ಅವಳಿಗೆ. ಒಲ್ಲೆನೆಂದರೂ ಚಿಕಿತ್ಸೆ ತಪ್ಪಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯೂ 2019ರ ಔಷಧಿ ಪ್ರಯೋಗದ ನಿಯಮಗಳೂ ವಿಧಿಸಿವೆ. ಓದಲು ಬಾರದವಳ ಹೆಬ್ಬೆಟ್ಟಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಬೇಕೆಂದೂ ಇದೆ. ಆ ಸಾಕ್ಷಿ ಯಾರು? ಕರೆತಂದ ಆರೋಗ್ಯ ಕಾರ್ಯಕರ್ತೆಯೇ? ಖರ್ಚಿನ ಲೆಕ್ಕ ಹಾಕುವ ಗಂಡನೇ? ಬಾಗಿಲಲ್ಲಿ ನಿಂತ ಅತ್ತೆಯೇ? ಇವರಲ್ಲಿ ಯಾರನ್ನೂ ನಿಷ್ಪಕ್ಷಪಾತಿಯೆನ್ನಲಾರೆ. ನಿವೃತ್ತ ಶಿಕ್ಷಕಿಯರೋ, ಓದಿದ ಮನೆತನದ ಹಿರಿಯ ಹೆಂಗಸರೋ ನಮ್ಮ ತಾಲೂಕುಗಳಲ್ಲಿ ಸಾಕಷ್ಟು ಜನರಿದ್ದಾರೆ, ದವಾಖಾನೆಯ ಹಂಗಿಲ್ಲದ ಅಂಥವಳೊಬ್ಬಳು ಒಳಗೆ ಹೋಗಿ, ಉಳಿದವರನ್ನು ಹೊರಗೆ ಕಳುಹಿಸಿ, "ಒಲ್ಲೆನೆಂದರೂ ನಿನಗೆ ಔಷಧಿ ಕೊಡುತ್ತಾರೆ, ತಿಳಿದಿದೆಯೇನವ್ವಾ?" ಎಂದು ಕೇಳಬೇಕು. ಅದಕ್ಕೆ ಉತ್ತರ ಬರುವ ವರೆಗೆ ಮಸಿಯ ಡಬ್ಬಿಯು ಮುಚ್ಚಿಯೇ ಇರಲಿ.