ಹೊಡೆಯದ ಕೈಗೂ ಪಾಪವುಂಟೇ?

ಸಂಜೆಯ ಕಲ್ಯಾಣ್ ಲೋಕಲ್‌ನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ಒರಗಲು ನಾವೆಷ್ಟು ಹೆಣಗುತ್ತೇವೆಂಬುದನ್ನು ಮುಂಬಯಿಯ ಓದುಗರಿಗೆ ಹೇಳಬೇಕಾಗಿಲ್ಲ. ಕಳೆದ ತಿಂಗಳು ಅಂಥದೊಂದು ಸೀಟಿನಲ್ಲಿ ಮೂರನೆಯವರಾಗಿ ಮಂಗಳಮುಖಿಯೊಬ್ಬರು ಕುಳಿತಿದ್ದರು. ಭಿಕ್ಷೆಗೆ ಬಂದವರಲ್ಲ, ಊಟದ ಡಬ್ಬಿಯ ಚೀಲ ಹಿಡಿದು ಕೆಲಸದಿಂದ ಮನೆಗೆ ಹೊರಟವರು. ದಾದರಿನಿಂದ ಠಾಣೆಯವರೆಗೂ ಆಕೆಯ ಪಕ್ಕದ ಜಾಗ ಖಾಲಿಯಾಗಿಯೇ ಉಳಿಯಿತು. ಬೈದವರಿಲ್ಲ, ನಕ್ಕವರೂ ಇಲ್ಲ. ನಾನೂ ನಿಂತೇ ಇದ್ದೆ. ಮನೆಯಲ್ಲಿ ಈ ಸಂಗತಿ ಹೇಳಿದಾಗ ನನ್ನಾಕೆ, “ಮೊಣಕಾಲು ನೋವಿನವರು ನೀವು, ಕೂರಬಹುದಿತ್ತಲ್ಲ” ಎಂದಳು. “ನಾನೇನೂ ಮಾಡಲಿಲ್ಲವಲ್ಲ!” ಎಂದುಬಿಟ್ಟೆ. ಅಂದಿನಿಂದ ಆ ಉತ್ತರವೇ ನನ್ನನ್ನು ಕಾಡುತ್ತಿದೆ.

ಅಪಾಯ ಕಂಡೊಡನೆ ದೇಹದ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಮತ್ತು ಸಕ್ಕರೆಯ ಅಂಶ ಹೆಚ್ಚುತ್ತವೆ. ಹಾವು ಕಂಡಾಗ ಇದು ಉಪಕಾರವೇ. ಆದರೆ ಹಾವು ಹೋದ ಮೇಲೆ ಎಲ್ಲವೂ ಇಳಿಯಬೇಕು. ಇಳಿಯದೆ ದಿನವೂ ಕೂಡುತ್ತ ಹೋಗುವ ಸವೆತಕ್ಕೆ 1993ರಲ್ಲಿ ಬ್ರೂಸ್ ಮೆಕ್‌ಯೂಎನ್ ಮತ್ತು ಎಲಿಯಟ್ ಸ್ಟೆಲ್ಲರ್ ಎಂಬ ವಿಜ್ಞಾನಿಗಳು ‘ಅಲೋಸ್ಟ್ಯಾಟಿಕ್ ಲೋಡ್’ ಎಂಬ ಹೆಸರನ್ನಿಟ್ಟರು. ಅದರಿಂದ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರಿದ್ದು ಏರಿಯೇ ಉಳಿಯುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ, ಮನಸ್ಸು ಕುಗ್ಗುತ್ತದೆ.

ಲಿಂಗಾಂತರಿಗಳ ಪಾಲಿಗೆ ಈ ಹಾವು ಹೋಗುವುದೇ ಅಪರೂಪ. ಬಾಡಿಗೆಯ ಮನೆ ಕೇಳುವಾಗ, ಆಸ್ಪತ್ರೆಯಲ್ಲಿ ಹಳೆಯ ಹೆಸರನ್ನು ಎಲ್ಲರೆದುರು ಕೂಗಿದಾಗ, ಯಾವ ಶೌಚಾಲಯಕ್ಕೆ ಹೋಗಲೆಂದು ತಡವರಿಸುವಾಗ ಅದು ಹೆಡೆಯೆತ್ತುತ್ತದೆ. ಶೌಚಾಲಯದ ಮಾತು ಕ್ಷುಲ್ಲಕವೆನಿಸಬಹುದು. 2015ರಲ್ಲಿ ಅಮೆರಿಕದಲ್ಲಿ 27,715 ಲಿಂಗಾಂತರಿಗಳು ಉತ್ತರಿಸಿದ ಸಮೀಕ್ಷೆಯೊಂದರಲ್ಲಿ ಶೇ. 32 ಮಂದಿ, ಹಿಂದಿನ ಒಂದು ವರ್ಷದಲ್ಲಿ ಹೊರಗಿನ ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲೆಂದು ಅನ್ನ, ನೀರನ್ನೇ ಕಡಿಮೆ ಮಾಡಿದ್ದುಂಟೆಂದು ಹೇಳಿದರು, ಶೇ. 8 ಮಂದಿಗೆ ಮೂತ್ರನಾಳದ ಸೋಂಕು ಅಥವಾ ಮೂತ್ರಪಿಂಡದ ತೊಂದರೆ ಬಂದಿತ್ತು. ನಮ್ಮ ಸುಪ್ರೀಂ ಕೋರ್ಟು 2014ರ ತೀರ್ಪಿನಲ್ಲಿ ಪ್ರತ್ಯೇಕ ಶೌಚಾಲಯಗಳನ್ನು ಕಟ್ಟಿಸಬೇಕೆಂದೂ ಇವರ ಭಯ, ಲಜ್ಜೆ, ಖಿನ್ನತೆಗಳನ್ನು ಸರ್ಕಾರಗಳು ಗಂಭೀರವಾಗಿ ಪರಿಗಣಿಸಬೇಕೆಂದೂ ಹೇಳಿದ್ದು ಸುಮ್ಮನೆ ಅಲ್ಲ. “ಅವರ ಹಣೆಬರಹ” ಎನ್ನುವವರಿದ್ದಾರೆ. ಆ ಬರಹದಲ್ಲಿ ನಮ್ಮ ಅಕ್ಷರವೂ ಕಾಣುತ್ತದಲ್ಲ!

ಹಾಗಾದರೆ ಆ ರಕ್ತದೊತ್ತಡಕ್ಕೆ ಹೊಣೆ ಯಾರು? ಇಂಗ್ಲೆಂಡಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರ ತಮ್ಮ ಗ್ರಂಥದಲ್ಲಿ ಒಂದು ಕಲ್ಪನೆಯನ್ನು ಮುಂದಿಟ್ಟರು. ಸಾವಿರ ಹಿಂಸಕರು, ಸಾವಿರ ಬಲಿಪಶುಗಳು. ಒಬ್ಬೊಬ್ಬ ಹಿಂಸಕನೂ ಒಮ್ಮೆ ಗುಂಡಿಯೊತ್ತಿದರೆ ಪ್ರತಿಯೊಬ್ಬ ಬಲಿಪಶುವಿನ ನೋವೂ ಅರಿವಿಗೆ ಬಾರದಷ್ಟು ಮಾತ್ರ ಏರುತ್ತದೆ. ಸಾವಿರವೂ ಸೇರಿದಾಗ ತಾಳಲಾಗದು. “ನನ್ನಿಂದ ಯಾರಿಗೂ ನೋವಾಗಲಿಲ್ಲ” ಎಂದು ಪ್ರತಿಯೊಬ್ಬನೂ ಹೇಳಬಹುದು. ಆದರೂ ಪ್ರತಿಯೊಬ್ಬನೂ ತಪ್ಪಿತಸ್ಥನೇ ಎಂಬುದು ಪಾರ್ಫಿಟ್ಟರ ನಿರ್ಣಯ.

ಉಳಿದವರೂ ಗುಂಡಿ ಒತ್ತುತ್ತಿರುವುದು ತನಗೆ ತಿಳಿದಿರಲಿಲ್ಲವೆಂದು ಹೇಳುವವನಿಗಾದರೂ ಒಂದಿಷ್ಟು ವಿನಾಯಿತಿ ಸಿಕ್ಕೀತು. ನನಗೆ ಅದೂ ಇಲ್ಲ. ಕಿಕ್ಕಿರಿದ ಡಬ್ಬಿಯಲ್ಲಿ ಖಾಲಿ ಉಳಿದ ಆ ಒಂದು ಗೇಣು ಜಾಗವನ್ನು ಕಣ್ಣಾರೆ ಕಾಣುತ್ತಲೇ ನಿಂತಿದ್ದೆನಲ್ಲ.

ಮೊನ್ನೆ ಅದೇ ಗಾಡಿಯಲ್ಲಿ ಆಕೆ ಮತ್ತೆ ಕಂಡರು. ಈ ಸಲ ಹೋಗಿ ಪಕ್ಕದಲ್ಲಿ ಕುಳಿತೆ. ಆಕೆ ಥಟ್ಟನೆ ಸೆರಗನ್ನು ಎಳೆದುಕೊಂಡು, ಚೀಲವನ್ನು ಮಡಿಲಲ್ಲಿ ಬಿಗಿಹಿಡಿದು ಮುದುಡಿದರು. ಠಾಣೆ ಬಂದರೂ ಆ ಹಿಡಿತ ಸಡಿಲವಾಗಲಿಲ್ಲ.