ಬೇಡವೆಂದು ಕಳುಹಿಸಿದ ಗೋಣಿಚೀಲ

ಬಹಳ ವರ್ಷ ಗ್ರಂಥಪಾಲಕನಾಗಿದ್ದವನು ನಾನು. ನಿವೃತ್ತನಾದ ಮೇಲೂ ನನ್ನನ್ನು ಕಾಡುವುದು ಕೊಂಡ ಪುಸ್ತಕಗಳ ನೆನಪಲ್ಲ. ಬೇಡವೆಂದು ಹಿಂದಕ್ಕೆ ಕಳುಹಿಸಿದ ಒಂದು ಗೋಣಿಚೀಲದ ನೆನಪು.

ಪೀಣ್ಯದಲ್ಲಿ ಸಣ್ಣ ಕಾರ್ಖಾನೆಯೊಂದನ್ನು ಮುಚ್ಚಿದ ಹಿರಿಯರು ಹಾಜರಿ ಪುಸ್ತಕಗಳನ್ನೂ ಬಟವಾಡೆಯ ಲೆಕ್ಕಗಳನ್ನೂ ಅದರಲ್ಲಿ ತುಂಬಿ ತಂದಿದ್ದರು. "ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ ಸ್ವಾಮಿ" ಎಂದರು. "ಇವು ಪುಸ್ತಕಗಳಲ್ಲವಲ್ಲ" ಎಂದೆ. ನಿಯಮ ನನ್ನ ಪಕ್ಷದಲ್ಲಿತ್ತು.

ಕೆಲವು ವರ್ಷಗಳ ಮೇಲೆ ತರುಣ ಸಂಶೋಧಕಿಯೊಬ್ಬರು ಬಂದರು. ಪೀಣ್ಯದ ಕೆಲಸಗಾರರು ಯಾವ ಊರುಗಳಿಂದ ಬಂದರು, ಹಬ್ಬಕ್ಕೆ ಎಷ್ಟು ಮುಂಗಡ ಪಡೆಯುತ್ತಿದ್ದರು ಎಂಬುದು ತಿಳಿಯಬೇಕಾಗಿತ್ತು. ನಾನು ಕೈಗಾರಿಕಾ ನೀತಿಯ ವರದಿಗಳನ್ನು ಮುಂದಿಟ್ಟೆ. "ಇವು ಎಲ್ಲ ಕಡೆಯೂ ಸಿಗುತ್ತವೆ ಸಾರ್" ಎಂದು ವಿನಯದಿಂದಲೇ ಹಿಂದಿರುಗಿಸಿದರು.

ನಾಳೆ ಹುಟ್ಟುವ ಪ್ರಶ್ನೆಗೆ ಉತ್ತರವನ್ನು ಇಂದೇ ಕಾಯ್ದಿಡುವುದು ಸಾಧ್ಯವೆ?

ಹೊಸೂರು ರಸ್ತೆಗೆ ಸಮೀಪದ ಬೇಗೂರಿನ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಾವು ಅದನ್ನು ನೋಡಲು ಹೋಗುವುದು ಅವನಿಗಾಗಿ ಅಲ್ಲ. ಕಾಳಗದ ಗುರುತಿಗೆ ಬಂದ 'ಬೆಂಗಳೂರು' ಎಂಬ ಒಂದು ಮಾತಿಗಾಗಿ. ಬರೆಸಿದವರಿಗೆ ಬರಿಯ ಸ್ಥಳನಾಮ; ನಮಗೆ ಅದೇ ನಿಧಿ.

ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೆಯ ಸಂಪುಟವಾಗಿ ಪ್ರಕಟಿಸಿದರು. ಪಾಠ ಅಚ್ಚಾಯಿತು, ಇನ್ನು ಕಲ್ಲೇಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ನಗರ ಬೆಳೆದಂತೆ ಅನೇಕ ಕಲ್ಲುಗಳು ಮಾಯವಾದವು. 2021ರಿಂದ ಮಿಥಿಕ್ ಸೊಸೈಟಿಯವರು ಉಳಿದ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಸವೆದು ಕಂಡ ಅಕ್ಷರಗಳೂ ಓದಿಗೆ ದಕ್ಕುತ್ತಿವೆ. ಕಲ್ಲೇ ಹೋಗಿದ್ದರೆ ಯಾವ ಯಂತ್ರ ಏನು ಮಾಡೀತು?

ಹಾಗೆಂದು ಎಲ್ಲವನ್ನೂ ಕೂಡಿಡಲಾಗದು. ಅದಕ್ಕೆ ಬೇಕಾದ ಕಪಾಟು ಯಾವ ಸರ್ಕಾರದಲ್ಲಿಯೂ ಇಲ್ಲ. ಇನ್ನೊಂದು ತೊಡಕೂ ಉಂಟು. ಆ ಲೆಕ್ಕಗಳಲ್ಲಿ ಇನ್ನೂ ಬದುಕಿರುವವರ ಸಾಲವಿರುತ್ತದೆ. ಈಗಿನ ಸಂಶೋಧಕರು ಪುಟಗಳನ್ನು ಮೊಬೈಲಿನಲ್ಲಿ ಸೆರೆಹಿಡಿದು ಮನೆಯಲ್ಲಿ ಓದುತ್ತಾರೆ. ಅದು ಒಳ್ಳೆಯದೇ, ನಾವೂ ನೆರವಾಗಬೇಕು. ಆದರೆ ಬಡವನೊಬ್ಬನ ಮುಂಗಡದ ಲೆಕ್ಕ ಅವನು ಬದುಕಿರುವಾಗಲೇ ಊರೂರು ಅಲೆಯಬೇಕೆ? ಅಂಥ ಪುಟ ಕೆಲವು ಕಾಲ ಮುಚ್ಚಿರಲಿ. ಮುಚ್ಚಿಟ್ಟದ್ದನ್ನು ಮುಂದೆ ತೆರೆಯಬಹುದು. ಗುಜರಿಗೆ ಹೋದದ್ದು ಹೋಯಿತು.

ಆಯ್ಕೆಗೆ ಅಳತೆ ಯಾವುದು? ಸಂಶೋಧಕಿಯ ಮಾತಿನಲ್ಲಿಯೇ ಅದು ಇತ್ತು. ಆ ವರದಿಗಳು ನಮ್ಮಲ್ಲಿ ಇಲ್ಲದಿದ್ದರೂ ನಷ್ಟವಿರಲಿಲ್ಲ. ಹಾಜರಿ ಪುಸ್ತಕ ಇದ್ದದ್ದು ಒಂದೇ ಪ್ರತಿ. 'ಇದು ಪುಸ್ತಕವೆ?' ಎಂಬುದರ ಬದಲು 'ಇದು ಬೇರೆಲ್ಲಾದರೂ ಉಳಿದೀತೆ?' ಎಂದು ನಾನು ಕೇಳಬೇಕಾಗಿತ್ತು.

ಆ ಹಿರಿಯರು ಚೀಲವನ್ನು ಮತ್ತೆ ಆಟೋದಲ್ಲಿಟ್ಟುಕೊಂಡು ಹೊರಟರು. ಎಲ್ಲಿಗೆ ಒಯ್ಯುತ್ತೀರಿ ಎಂದು ಸಹ ನಾನು ಕೇಳಲಿಲ್ಲ.