ತಾತನ ಪಾಲು

ನಮ್ಮ ತಾತ ತೀರಿಕೊಂಡು 2023ಕ್ಕೆ ಮೂವತ್ತು ವರ್ಷ ತುಂಬಿತು. ಆ ನೆಪದಲ್ಲಿ ಮೊಮ್ಮಕ್ಕಳೆಲ್ಲ ಊರಿನಲ್ಲಿ ಸೇರಬೇಕು, ತಾತನ ಬಗ್ಗೆ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಬೇಕು ಎಂದು ದೊಡ್ಡಪ್ಪನ ಮಗ ಹೊರಟ. "ನೀನು ಟೀಚರ್. ನಾಲ್ಕು ಪುಟ ಬರೆಯೋದು ನಿನಗೇನು ಕಷ್ಟ?" ಎಂದ. ಕಷ್ಟವೇನೂ ಆಗಲಿಲ್ಲ. ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ.

ತಿಪಟೂರಿನಿಂದ ನಾಲ್ಕು ಮೈಲಿ ದೂರದ ಹಳ್ಳಿ ನಮ್ಮದು. ತೆಂಗಿನ ತೋಟವೇ ಬದುಕು. ನಮ್ಮ ಕಡೆ ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡಿ ಮಾರುವುದು ರೂಢಿ. ಒಳಗಿನ ನೀರು ಇಂಗಿ ಕೊಬ್ಬರಿ ಕರಟದಿಂದ ಬಿಟ್ಟುಕೊಂಡರೆ, ಅಲ್ಲಾಡಿಸಿದಾಗ ಲೊಡಲೊಡ ಎನ್ನುತ್ತದೆ. ತಾತ ಒಂದೊಂದೇ ಕಾಯಿಯನ್ನು ನಮ್ಮ ಕಿವಿಯ ಹತ್ತಿರ ಹಿಡಿದು, "ಏನು ಹೇಳ್ತು?" ಎಂದು ಕೇಳುತ್ತಿದ್ದರು.

ಮನೆ ತುಂಬ ಜನ. ತೀರಿಹೋದ ತಮ್ಮನ ಇಬ್ಬರು ಗಂಡುಮಕ್ಕಳನ್ನೂ ತಾತ ತಮ್ಮ ಮಕ್ಕಳಂತೆಯೇ ಬೆಳೆಸಿದರು. ಎಲ್ಲರ ಊಟವಾಯಿತೇ ಎಂದು ವಿಚಾರಿಸದೆ ಎಲೆಯ ಮುಂದೆ ಕೂತವರಲ್ಲ. 1989ರಲ್ಲಿ ನಾನು ಬಿ.ಎಡ್. ಸೇರುತ್ತೇನೆಂದಾಗ ಅಪ್ಪ, "ಬಿ.ಎ. ಆಯ್ತಲ್ಲ, ಸಾಕು" ಎಂದರು. ತಾತ ಮಾರನೆಯ ವಾರ ಕೊಬ್ಬರಿಯನ್ನು ಮಂಡಿಗೆ ಹಾಕಿ, ಹಣವನ್ನು ಟವೆಲಿನ ತುದಿಗೆ ಗಂಟು ಕಟ್ಟಿಕೊಂಡು ಬಂದು ನನ್ನ ಕೈಗಿಟ್ಟರು. 1991ರಲ್ಲಿ ತಮ್ಮ ಮೂವರು ಗಂಡುಮಕ್ಕಳಿಗೂ ತಮ್ಮನ ಮಕ್ಕಳಿಗೂ ತೋಟ ಹಂಚಿದಾಗ ತಮಗೆಂದು ಒಂದು ಮರವನ್ನೂ ಇಟ್ಟುಕೊಳ್ಳಲಿಲ್ಲ. ಈ ಮಾತನ್ನು ನಮ್ಮ ಮನೆಯಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನನ್ನ ಬರಹ ಮುಗಿದದ್ದೂ ಅದೇ ಮಾತಿನಿಂದ.

ಅಚ್ಚಿಗೆ ಕೊಡುವ ಮೊದಲು ಅದನ್ನು ಸೋದರತ್ತೆಗೆ ಓದಿ ಹೇಳಿದೆ. ಅವರಿಗಾಗ ಎಂಬತ್ತೊಂದು. ಕಣ್ಣು ಮುಚ್ಚಿಕೊಂಡು ಕೇಳಿ, "ಚೆನ್ನಾಗಿದೆ ಕಣೇ, ಅಪ್ಪನ್ನ ನೋಡಿದ ಹಾಗೇ ಆಯ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಅಟ್ಟ ಹತ್ತಿ ಕೆಟ್ಟ ಕಾಯಿ ಆರಿಸ್ತಿದ್ದೋಳು ನಾನು. ಅದು ಬರೀಲಿಲ್ವಾ?" ಎಂದರು. ಆ ದನಿಯಲ್ಲಿ ದೂರು ಇರಲಿಲ್ಲ. ನಾನೇ ತಲೆ ತಗ್ಗಿಸಿದೆ.

ಅತ್ತೆ 1956ರಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದಾಗ ಇಡೀ ಶಾಲೆಗೆ ಮೊದಲು ಬಂದಿದ್ದರಂತೆ. ಹೈಸ್ಕೂಲು ತಿಪಟೂರಿನಲ್ಲಿ. "ಹೆಣ್ಣು ಹುಡುಗಿ, ನಾಲ್ಕು ಮೈಲಿ ನಡೆದು ಹೋಗೋದು ಬೇಡ" ಎಂದರು ತಾತ. ಎರಡು ವರ್ಷದ ನಂತರ ಅದೇ ನಾಲ್ಕು ಮೈಲಿ ನಮ್ಮ ಅಪ್ಪ ನಡೆದುಹೋದರು. ಅತ್ತೆಗೆ ಹದಿನಾರಕ್ಕೆ ಮದುವೆ, ಇಪ್ಪತ್ತೆರಡಕ್ಕೆ ವೈಧವ್ಯ. ಅಂದು ತೌರಿಗೆ ಬಂದವರು ಅಡಿಗೆಮನೆ, ಅಟ್ಟಗಳ ನಡುವೆಯೇ ಉಳಿದರು. ನನ್ನ ಬಿ.ಎಡ್. ಹಣದ ಕೊಬ್ಬರಿಯೂ ಅವರ ಕೈಯಲ್ಲೇ ಹಾದುಬಂದದ್ದು. 1991ರ ಪಾಲುಪಾರೀಕತ್ತು ಪತ್ರದಲ್ಲಿ ಅತ್ತೆಗೆ ಸಿಕ್ಕಿದ್ದು ಒಂದೇ ಸಾಲು: ಬದುಕಿರುವವರೆಗೆ ಊಟ, ಬಟ್ಟೆ.

ತಾತ ತಮಗೆ ಒಂದು ಮರವನ್ನೂ ಇಟ್ಟುಕೊಳ್ಳಲಿಲ್ಲ, ನಿಜ. ಮಗಳಿಗೂ ಒಂದು ಮರವನ್ನು ಇಡಲಿಲ್ಲ. ಮೊದಲನೆಯದನ್ನು ಮೂವತ್ತು ವರ್ಷ ಹೇಳಿಕೊಂಡು ಬಂದ ನಾವು ಎರಡನೆಯದನ್ನು ಒಮ್ಮೆಯೂ ಹೇಳಿರಲಿಲ್ಲ.

ಕಾನೂನು ಬಂತು, ಅತ್ತೆಯ ಬಾಗಿಲಿಗೆ ಬರಲಿಲ್ಲ. 1994ರಲ್ಲಿ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿಯಾಗಿ ಆ ಭೇದ ಹೋಯಿತು; ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿದ್ದ ಪಾಲನ್ನು ಅದು ಮುಟ್ಟಲಿಲ್ಲ.

"ಆ ಕಾಲವೇ ಹಾಗಿತ್ತು" ಎನ್ನುತ್ತೇವೆ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಮಹಾರಾಣಿ ಶಾಲೆ ಆರಂಭವಾದದ್ದು 1881ರಲ್ಲಿ, ಅತ್ತೆಯ ಶಾಲೆ ಬಿಡಿಸುವುದಕ್ಕೆ ಎಪ್ಪತ್ತೈದು ವರ್ಷ ಮೊದಲು. ಕಾಲ ಎಲ್ಲರಿಗೂ ಒಂದೇ ಮಾತು ಹೇಳುವುದಿಲ್ಲ. ಆದರೂ ಹಳ್ಳಿಯ ರೈತನೊಬ್ಬನಿಗೆ ಊರಿನ ಬಾಯಿಗೆ ಹೆದರದೆ ಮಗಳನ್ನು ಕಳಿಸುವುದು ಸುಲಭವಿರಲಿಲ್ಲ ಎಂಬುದೂ ನಿಜ. ಕಾಲದ ಮಾತಿನಿಂದ ತಪ್ಪು ಅರ್ಥವಾಗಬಹುದು, ಅಳಿಸಿಹೋಗುವುದಿಲ್ಲ.

ಹಾಗಾದರೆ ನನ್ನ ತಾತ ಒಳ್ಳೆಯವರಲ್ಲವೇ? ಈ ಪ್ರಶ್ನೆ ನನ್ನನ್ನು ಎಷ್ಟೋ ರಾತ್ರಿ ಕಾಡಿತು. ಕೊನೆಗೆ ಸಮಾಧಾನ ಸಿಕ್ಕಿದ್ದು ನನ್ನ ಕೆಲಸದಲ್ಲೇ. ಒಂದು ಉತ್ತರ ತಪ್ಪಾಯಿತೆಂದು ಮಗುವಿನ ಇಡೀ ಪತ್ರಿಕೆಗೆ ನಾವು ಸೊನ್ನೆ ಹಾಕುವುದಿಲ್ಲ. ಉಳಿದದ್ದೆಲ್ಲ ಚೆನ್ನಾಗಿದೆಯೆಂದು ತಪ್ಪು ಉತ್ತರಕ್ಕೆ ಸರಿ ಗುರುತನ್ನೂ ಹಾಕುವುದಿಲ್ಲ. ಪ್ರೀತಿಪಾತ್ರರ ವಿಷಯದಲ್ಲಿ ಮಾತ್ರ ಇದನ್ನು ಏಕೆ ಮರೆಯುತ್ತೇವೋ! ಒಬ್ಬರನ್ನು ತಪ್ಪಿಲ್ಲದ ದೇವರು ಮಾಡಲು ಹೊರಟರೆ, ಆ ತಪ್ಪನ್ನು ಹೊತ್ತು ಬದುಕಿದ ಇನ್ನೊಬ್ಬರನ್ನು ಮನೆಯ ನೆನಪಿನಿಂದಲೇ ಹೊರಗೆ ಕಳಿಸಬೇಕಾಗುತ್ತದೆ. ಪಾಲುಪತ್ರದಲ್ಲಿ ಅತ್ತೆಗೆ ಪಾಲಿರಲಿಲ್ಲ. ನನ್ನ ಬರಹದಲ್ಲೂ ಇರಲಿಲ್ಲ.

ಮತ್ತೆ ಅತ್ತೆಯ ಹತ್ತಿರ ಹೋಗಿ, "ನಿಮ್ಮ ಓದಿನ ವಿಷಯ, ಪಾಲಿನ ವಿಷಯ ಬರೆಯಲಾ?" ಎಂದು ಕೇಳಿದೆ. "ಬರಿ. ಇದನ್ನೂ ಬರಿ," ಎಂದರು. "ನಾನು ವಾಪಸ್ ಬಂದಾಗ ಊರಿನವರು ಏನೇನೋ ಅಂದ್ರು. ಅಪ್ಪ ಜಗಲಿ ಮೇಲೆ ನಿಂತು, 'ಇದು ಅವಳ ಮನೆ' ಅಂದ್ರು. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ."

ಬಾಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದವರಿಗೆ ಅದನ್ನೇ ಕಾಗದದ ಮೇಲೆ ಬರೆಸಲು ಏಕೆ ತೋಚಲಿಲ್ಲ? ನನಗೆ ತಿಳಿಯದು. ಎರಡನ್ನೂ ಬರೆದೆ.

ಅಣ್ಣ ಓದಿ ಮುಖ ಸಣ್ಣದು ಮಾಡಿಕೊಂಡ. "ಸತ್ತವರ ಬಗ್ಗೆ ಇದೆಲ್ಲ ಯಾಕಮ್ಮ?"

"ಅತ್ತೆ ಬದುಕಿದಾರಲ್ಲಣ್ಣ" ಎಂದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಒಂದಕ್ಷರ ತೆಗೆಯದೆ ಅಚ್ಚು ಹಾಕಿಸಿದ. ಪುಸ್ತಕ ಬಂದ ದಿನ ನಾನು ಓದಿ ಹೇಳಲು ಹೋದರೆ ಅತ್ತೆ ಬೇಡವೆಂದರು. ಕನ್ನಡಕ ಹಾಕಿಕೊಂಡು, ಜಗಲಿಯ ಬೆಳಕಿಗೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ಮೊದಲ ಪುಟದಿಂದ ತಾವೇ ಓದತೊಡಗಿದರು.